ನೂಲಿನ ಲಡಿಯ ಚೀಟಿ ಬದಲಾಗಿರುವ ಬಗ್ಗೆ ಗ್ರಾಹಕರಿಗೆ ಪತ್ರ

ಉಡುಪಿ

ಮಾನ್ಯ ಗ್ರಾಹಕರೇ,

ಬರುವ ನವೆಂಬರ್ 1ರಿಂದ ನಮ್ಮ ಮಹಿಳಾ ಹೆಣಿಗೆ ಸಹಕಾರಿ ಸಂಘವು ಹತ್ತಿ ನೂಲಿನ ಲಡಿಗಳನ್ನು ತೂಕದ ಲೆಕ್ಕದಲ್ಲಿ ಮಾರುವುದನ್ನು ನಿಲ್ಲಿಸಿ ಉದ್ದದ ಲೆಕ್ಕದಲ್ಲಿ ಮಾರಲಿದೆ. ಇದುವರೆಗೆ ‘100 ಗ್ರಾಂ’ ಎಂದು ಚೀಟಿ ಹಚ್ಚುತ್ತಿದ್ದ ಎಂಟೆಳೆಯ ಲಡಿಗೆ ಇನ್ನು ಮುಂದೆ ‘200 ಮೀಟರ್’ ಎಂಬ ಚೀಟಿ ಇರುತ್ತದೆ. ನೂಲು ಅದೇ, ಬೆಲೆಯೂ ಅದೇ. ಇದರೊಂದಿಗೆ ಕೊಲ್ಲಿ ದೇಶಗಳಿಗೆ ಹೋಗುವ ಹೆಣಿಗೆ ಕಿಟ್‌ಗಳಲ್ಲಿ ಇಡುವ ಒಗೆತದ ಸೂಚನೆಯನ್ನು ಪೂರ್ತಿಯಾಗಿ ಬದಲಾಯಿಸಿದ್ದೇವೆ, ಮಕ್ಕಳ ಹೊದಿಕೆಯ ಕಿಟ್‌ನಿಂದ ಅಕ್ರಿಲಿಕ್ ದಾರವನ್ನು ತೆಗೆದಿದ್ದೇವೆ. ಇಷ್ಟು ವರ್ಷ ನಂಬಿಕೆಯಿಂದ ನಮ್ಮಲ್ಲಿ ನೂಲು ಕೊಂಡವರಿಗೆ ಇದರ ಕಾರಣವನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇವೆ.

ನಮ್ಮ ಗ್ರಾಹಕರಲ್ಲಿ ಬಹಳ ಮಂದಿ ಉಡುಪಿ, ಕಾಪು, ಮೂಲ್ಕಿ, ಸುರತ್ಕಲ್ ಕಡೆಯ ಮನೆಗಳಿಂದ ಹೋಗಿ ದುಬೈ, ಅಬುಧಾಬಿ, ಮಸ್ಕತ್, ಕುವೈತ್, ದಮಾಮ್, ರಿಯಾದ್‌ಗಳಲ್ಲಿ ಸಂಸಾರ ಹೂಡಿರುವವರು. ನಮ್ಮ ಕಿಟ್‌ಗಳು ಅಂಚೆಯಲ್ಲಿ ಹೋಗುವುದಕ್ಕಿಂತ ಹೆಚ್ಚಾಗಿ ರಜೆಗೆ ಬಂದು ಹಿಂದಿರುಗುವವರ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಾವಿನ ಮಿಡಿಯ ಉಪ್ಪಿನಕಾಯಿಗಳ ಜೊತೆ ಬಜಪೆಯಿಂದ ವಿಮಾನ ಹತ್ತುತ್ತವೆ. ಆದರೆ ಆ ಕಿಟ್‌ನೊಳಗಿನ ಚೀಟಿಯನ್ನು ನಾವು ಬರೆದದ್ದು ಇಲ್ಲಿನ ಮಳೆಯನ್ನೂ ಇಲ್ಲಿನ ಬಾವಿಯ ನೀರನ್ನೂ ಕಣ್ಣಮುಂದೆ ಇಟ್ಟುಕೊಂಡು. ಮರಳುಗಾಡಿನ ಹವೆಯಲ್ಲಿ ಆ ಚೀಟಿಯ ಮಾತು ಸುಳ್ಳಾಗುತ್ತದೆ ಎಂಬುದು ನಮಗೆ ತಡವಾಗಿ ತಿಳಿಯಿತು.

ಕಳೆದ ಮಳೆಗಾಲದಲ್ಲಿ ರಿಯಾದ್‌ನಿಂದ ಒಬ್ಬ ಗ್ರಾಹಕರು ಬರೆದರು. ಸ್ವೆಟರಿನ ಎರಡು ತೋಳುಗಳಿಗೆ ನೂಲನ್ನು ಸಮನಾಗಿ ಪಾಲು ಮಾಡಲೆಂದು ಅಡುಗೆಮನೆಯ ತೂಕದ ಯಂತ್ರದ ಮೇಲೆ ಲಡಿಯನ್ನು ಇಟ್ಟಾಗ ಅದು 100ರ ಬದಲು 92 ಗ್ರಾಂ ತೋರಿಸಿತೆಂದೂ, ಉಳಿದ ಲಡಿಗಳೂ ಹಾಗೆಯೇ ಇವೆಯೆಂದೂ ಬಹಳ ಸಂಕೋಚದಿಂದ ತಿಳಿಸಿದ್ದರು. ಪ್ರತಿಯೊಂದು ಲಡಿಯನ್ನೂ ಇಬ್ಬರು ಸದಸ್ಯೆಯರು ಒಟ್ಟಿಗೆ ನಿಂತು ತೂಗುವ ಕ್ರಮ ನಮ್ಮಲ್ಲಿರುವುದರಿಂದ, ತಮ್ಮ ಯಂತ್ರವನ್ನೊಮ್ಮೆ ಪರೀಕ್ಷಿಸಿ ಎಂದು ನಾವು ಉತ್ತರಿಸಿದೆವು. ಆ ಉತ್ತರ ತಪ್ಪಾಗಿತ್ತು, ಅದಕ್ಕಾಗಿ ಅವರಲ್ಲಿ ಆಗಲೇ ಕ್ಷಮೆ ಕೇಳಿದ್ದೇವೆ, ಇಲ್ಲಿಯೂ ಕೇಳುತ್ತೇವೆ. ಎರಡು ವಾರ ಕಳೆಯುವಷ್ಟರಲ್ಲಿ ಕುವೈತ್‌ನಿಂದಲೂ ಅಂಥದೇ ದೂರು ಬಂತು.

ಆಟಿ ತಿಂಗಳ (ಜುಲೈ-ಆಗಸ್ಟ್) ಮಧ್ಯದಲ್ಲಿ ನಮ್ಮ ಸದಸ್ಯೆಯೊಬ್ಬರ ನಾದಿನಿ ರಿಯಾದ್‌ನಿಂದ ಊರಿಗೆ ಬಂದರು. ಅವರ ಪೆಟ್ಟಿಗೆಯಲ್ಲಿ ನಾವೇ ಕಳಿಸಿದ್ದ ಲಡಿಯೊಂದು, ಕಟ್ಟು ಕೂಡ ಬಿಚ್ಚದೆ, ಪ್ಲಾಸ್ಟಿಕ್ ಚೀಲದೊಳಗೆ ಬಿಗಿಯಾಗಿ ಸುತ್ತಿಕೊಂಡು ಬಂದಿತ್ತು. ಚೀಲದಿಂದ ತೆಗೆದ ಕೂಡಲೇ ಅದನ್ನು ನಮ್ಮ ಯಂತ್ರದ ಮೇಲೆ ಇಟ್ಟೆವು. ಕೆಂಪು ಅಂಕಿ 92ರಲ್ಲಿ ನಿಂತಿತು. ಮುಟ್ಟಿದರೆ ನೂಲು ಹೊಸ ಕಾಗದದ ಹಾಗೆ ಗರಿಗರಿಯಾಗಿತ್ತು. ಹೊರಗೆ ಹಂಚಿನ ಮಾಡಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಲಡಿಯನ್ನು ಯಂತ್ರದ ಮೇಲೆಯೇ ಬಿಟ್ಟು ನಾವು ನಮ್ಮ ಕೆಲಸ ಮುಂದುವರಿಸಿದೆವು. ಮಧ್ಯಾಹ್ನ ಊಟಕ್ಕೆ ಏಳುವಾಗ ಅಂಕಿ 95 ಇತ್ತು, ಸಂಜೆ ಬಾಗಿಲು ಹಾಕುವಾಗ 97, ಮೂರನೆಯ ದಿನ ಬೆಳಗ್ಗೆ ಬಂದು ನೋಡಿದರೆ 100ಕ್ಕೆ ಒಂದು ಗ್ರಾಂ ಮಾತ್ರ ಕಡಿಮೆ. ಒಂದು ಎಳೆಯನ್ನೂ ಯಾರೂ ಸೇರಿಸಿರಲಿಲ್ಲ. ಹೆಚ್ಚಿದ್ದು ಗಾಳಿಯಲ್ಲಿದ್ದ ನೀರು.

ಹತ್ತಿಯ ಗುಣವೇ ಅಂಥದು. ಸುತ್ತಲಿನ ಗಾಳಿಯಲ್ಲಿ ತೇವ ಹೆಚ್ಚಾದರೆ ಅದು ಕುಡಿಯುತ್ತದೆ, ಕಡಿಮೆಯಾದರೆ ಬಿಟ್ಟುಕೊಡುತ್ತದೆ. ಶೇಕಡಾ 65ರಷ್ಟು ಆರ್ದ್ರತೆಯಿರುವ ಗಾಳಿಯಲ್ಲಿ ಹತ್ತಿಯು ತನ್ನ ಒಣ ತೂಕದ ಶೇಕಡಾ 8.5ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಜವಳಿ ವ್ಯಾಪಾರದಲ್ಲಿ ಬಹುಕಾಲದಿಂದ ಒಪ್ಪಿಕೊಂಡಿರುವ ಲೆಕ್ಕ. ಉಣ್ಣೆಗೆ ಇದು ಸುಮಾರು 16, ಅಕ್ರಿಲಿಕ್‌ಗೆ ಒಂದೂವರೆ ಮಾತ್ರ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಆರ್ದ್ರತೆ 90ರ ಆಸುಪಾಸಿನಲ್ಲಿಯೇ ಇರುವುದರಿಂದ ಆಗ ತೂಗಿದ 100 ಗ್ರಾಂ ಲಡಿಯಲ್ಲಿ ಹತ್ತು ಗ್ರಾಂಗಿಂತಲೂ ಹೆಚ್ಚು ನೀರೇ ಇರುತ್ತದೆ. ಅದೇ ಲಡಿ ರಿಯಾದ್‌ನ ಒಣ ಹವೆಗೆ ಹೋದಾಗ ಆ ನೀರಿನ ಬಹುಪಾಲು ಆವಿಯಾಗಿ ಹೋಗುತ್ತದೆ. ದುಬೈ, ದೋಹಾ, ಮನಾಮಾಗಳಂಥ ಸಮುದ್ರದಂಚಿನ ಊರುಗಳಲ್ಲಿ ಬೇಸಗೆಯ ಹೊರಗಾಳಿ ನಮ್ಮ ಮಂಗಳೂರಿನಂತೆಯೇ ಬೆವರಿಳಿಸುವಂಥದ್ದಾದರೂ, ನೂಲು ಇರುವುದು ಹಗಲಿರುಳು ಏಸಿ ಓಡುವ ಕೋಣೆಯಲ್ಲಿ. ಏಸಿಯು ಗಾಳಿಯನ್ನು ತಂಪಾಗಿಸುವಾಗಲೇ ಅದರ ತೇವವನ್ನೂ ಹಿಂಡಿ ಹೊರಗೆ ಬಿಡುತ್ತದೆ.

ಯಾರೂ ಮೋಸ ಮಾಡದಿದ್ದರೂ ತೂಕದ ಚೀಟಿ ಗ್ರಾಹಕರ ಮನೆಯಲ್ಲಿ ಮೋಸದಂತೆ ಕಾಣುತ್ತದೆ. ಹಾಗೆ ಕಾಣುವ ಚೀಟಿಯನ್ನು ಹಚ್ಚಿ ಮಾರುವುದು ನಮಗೆ ಸರಿಯೆನಿಸಲಿಲ್ಲ. ಹತ್ತಿಯ ಎಳೆ ತೇವ ಕುಡಿದಾಗ ದಪ್ಪದಲ್ಲಿ ಹಿಗ್ಗುತ್ತದೆಯೇ ಹೊರತು ಉದ್ದದಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಆದ್ದರಿಂದ ಉಡುಪಿಯಲ್ಲಿ ಅಳೆದ 200 ಮೀಟರ್ ರಿಯಾದ್‌ನಲ್ಲಿಯೂ 200 ಮೀಟರ್ ಎಂದೇ ನಂಬಬಹುದು. ಹೆಣೆಯುವವರಿಗೆ ಬೇಕಾದದ್ದೂ ಉದ್ದವೇ. ನೇಕಾರರು ಇದನ್ನು ನಮಗಿಂತ ಮೊದಲೇ ಬಲ್ಲರು. ನೂಲು ಎಷ್ಟು ತೆಳುವೆಂದು ಹೇಳಲು ಕೈಮಗ್ಗದವರು ಇಂದಿಗೂ ಬಳಸುವ ನೂಲಿನ ನಂಬರು 840 ಗಜದ ಲಡಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿದೆ. ನಮ್ಮ ಕೇಂದ್ರದಲ್ಲಿ ಈಗ ಒಂದು ಸುತ್ತಿಗೆ ಒಂದು ಮೀಟರ್ ಬರುವ ಮರದ ರಾಟೆಯನ್ನು ಮಾಡಿಸಿ, ಅದಕ್ಕೆ ಎಣಿಕೆಯ ಮುಳ್ಳು ಕೂರಿಸಿ, ಎಲ್ಲ ಲಡಿಗಳನ್ನೂ ಅದರ ಮೇಲೆಯೇ ಸುತ್ತುತ್ತಿದ್ದೇವೆ. ನಮ್ಮ ಮಾದರಿ ಹಾಳೆಗಳಲ್ಲಿ ‘ಮೂರು ಲಡಿ, 300 ಗ್ರಾಂ’ ಎಂದಿರುವ ಕಡೆ ‘600 ಮೀಟರ್’ ಎಂದು ತಿದ್ದಿಕೊಳ್ಳಬೇಕೆಂದು ಕೋರುತ್ತೇವೆ. ಕಡ್ಡಿಯ ಅಳತೆಯಾಗಲಿ ಕುಣಿಕೆಗಳ ಲೆಕ್ಕವಾಗಲಿ ಬದಲಾಗುವುದಿಲ್ಲ.

ಇನ್ನು ಒಗೆತದ ವಿಚಾರ. ಉಣ್ಣೆಯ ಕಿಟ್‌ಗಳಲ್ಲಿ ‘ತಣ್ಣೀರಿನ ನಳ್ಳಿಯ ಕೆಳಗೆ ಒಗೆಯಿರಿ’ ಎಂದು ನಾವು ಬರೆಯುತ್ತಿದ್ದೆವು. ಆ ಒಂದು ಸಾಲಿನಿಂದ ಅಬುಧಾಬಿಯ ಮನೆಯೊಂದರಲ್ಲಿ ಮಗುವಿನ ಸ್ವೆಟರ್ ಹಾಳಾಯಿತು. ಅಜ್ಜಿ ಇಲ್ಲಿ ಕುಳಿತು, ಸೀದಾ ಎರಡು ಉಲ್ಟಾ ಎರಡರ ಪಟ್ಟಿ ಹಾಕಿ, ಒಂದೂವರೆ ತಿಂಗಳು ಹೆಣೆದು ಕಳಿಸಿದ್ದ ಸ್ವೆಟರ್ ಅದು. ತಾಯಿ ನಮ್ಮ ಸೂಚನೆಯಂತೆ ನೀಲಿ ಗುರುತಿನ ನಳ್ಳಿಯ ಕೆಳಗೆಯೇ ಹಿಡಿದು ಉಜ್ಜಿದ್ದರು. ಒಣಗಿದ ಮೇಲೆ ಅದು ಗೊಂಬೆಗೆ ತೊಡಿಸುವಷ್ಟು ಚಿಕ್ಕದಾಗಿ, ಕಂಬಳಿಯಂತೆ ಗಟ್ಟಿಯಾಗಿ, ಕುಣಿಕೆಗಳ ಸಾಲೇ ಕಾಣದಂತಾಗಿತ್ತು. ಅದರ ಚಿತ್ರವನ್ನು ಅವರು ಕಳಿಸಿದಾಗ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಮರಳುಗಾಡಿನ ಊರುಗಳಲ್ಲಿ ವಾಸಿಸಿದವರಿಗೆ ಇದರ ಕಾರಣ ಗೊತ್ತಿದೆ. ಅಲ್ಲಿನ ಹಲವು ಕಟ್ಟಡಗಳಲ್ಲಿ ನೀರಿನ ಟ್ಯಾಂಕ್ ತಾರಸಿಯ ಮೇಲಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನೆರಳಿನಲ್ಲಿಯೇ 45 ಡಿಗ್ರಿ ದಾಟುವ ದಿನಗಳಲ್ಲಿ, ತಣ್ಣೀರಿನ ನಳ್ಳಿಯಿಂದ ಬರುವುದು ಬಿಸಿನೀರೇ. ಆ ತಿಂಗಳುಗಳಲ್ಲಿ ಗೀಸರನ್ನು ಆರಿಸಿಟ್ಟು, ಮನೆಯೊಳಗಿನ ಅದರ ಪಾತ್ರೆಯಲ್ಲಿ ನಿಂತ ನೀರನ್ನೇ ತಣ್ಣೀರಾಗಿ ಬಳಸುವ ರೂಢಿ ಎಷ್ಟೋ ಮನೆಗಳಲ್ಲಿದೆ. ಉಣ್ಣೆಯ ಎಳೆಯ ಮೈಮೇಲೆ ಬರಿಗಣ್ಣಿಗೆ ಕಾಣದ, ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಈ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ವರ್ಷವಿಡೀ ಬಾವಿಯ ತಂಪು ನೀರಿನಲ್ಲಿ ಕೈಯಾಡಿಸುವ ನಮಗೆ ತಣ್ಣೀರಿನ ನಳ್ಳಿ ಬಿಸಿಯಾಗಿರಬಹುದೆಂಬ ಯೋಚನೆ ಬಂದಿರಲೇ ಇಲ್ಲ.

ಹೊಸ ಸೂಚನೆ ಹೀಗಿದೆ. ಒಗೆಯಬೇಕಾದ ಹಿಂದಿನ ರಾತ್ರಿಯೇ ಬಕೆಟಿನಲ್ಲಿ ನೀರು ತುಂಬಿ ಏಸಿಯಿರುವ ಕೋಣೆಯಲ್ಲಿಟ್ಟು, ಬೆಳಗ್ಗೆ ಮೊಣಕೈ ಅದ್ದಿ ತಂಪಾಗಿದೆಯೆಂದು ಖಚಿತಪಡಿಸಿಕೊಂಡು, ಆಮೇಲೆ ಉಣ್ಣೆಯನ್ನು ನೆನೆಸಬೇಕು. ನೆನೆಸುವ ಮೊದಲು ಬಟ್ಟೆಯನ್ನು ಚೆನ್ನಾಗಿ ಕೊಡವಬೇಕು, ಏಕೆಂದರೆ ಮುಚ್ಚಿದ ಕಿಟಕಿಯ ಸಂದಿನಿಂದಲೂ ನುಗ್ಗುವ ಅಲ್ಲಿನ ನಯವಾದ ಧೂಳು ಕುಣಿಕೆಗಳ ನಡುವೆ ಕುಳಿತು, ನೀರು ಸೋಕಿದೊಡನೆ ಕೆಸರಾಗುತ್ತದೆ. ಉಜ್ಜಬಾರದು, ಹಿಂಡಬಾರದು, ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ಮನೆಯೊಳಗೇ ಹರವಿ ಒಣಗಿಸಬೇಕು. ನಮ್ಮಲ್ಲಿ ಆಟಿಯಲ್ಲಿ ಮೂರು ದಿನವಾದರೂ ಹಸಿಹಸಿಯಾಗಿಯೇ ಉಳಿಯುವ ಹತ್ತಿಯ ಶಾಲು ಅಲ್ಲಿ ಕೆಲವೇ ಗಂಟೆಗಳಲ್ಲಿ ಒಣಗುವುದರಿಂದ ಬಿಸಿಲಿಗೆ ಹಾಕುವ ಅಗತ್ಯವೇ ಇಲ್ಲ. ಬಾಲ್ಕನಿಯ ಬಿಸಿಲು ಬಣ್ಣವನ್ನು ಬೇಗ ಕುಡಿದುಬಿಡುತ್ತದೆ, ಧೂಳು ಹೊತ್ತು ತರುವ ಶಮಾಲ್ ಗಾಳಿ ಬೀಸುವ ದಿನವಾದರೆ ಒಗೆದದ್ದೂ ವ್ಯರ್ಥ.

ಅಕ್ರಿಲಿಕ್ ದಾರವನ್ನು ಕೈಬಿಟ್ಟಿರುವುದಕ್ಕೂ ಈ ಒಣ ಹವೆಯೇ ಕಾರಣ. ಅದು ತೇವವನ್ನು ಹಿಡಿದಿಟ್ಟುಕೊಳ್ಳದ ದಾರವಾದ್ದರಿಂದ ಉಜ್ಜಿದಾಗ ಹುಟ್ಟುವ ವಿದ್ಯುತ್ತು ಹರಿದುಹೋಗದೆ ಅದರಲ್ಲಿಯೇ ನಿಲ್ಲುತ್ತದೆ. ಹೊದಿಕೆ ತೆಗೆದರೆ ಮಗುವಿನ ಕೂದಲು ನೆಟ್ಟಗೆ ನಿಲ್ಲುತ್ತದೆ, ಎತ್ತಿಕೊಳ್ಳಲು ಹೋದರೆ ಚಟ್ಟೆಂದು ಕಿಡಿ ತಾಗಿ ಮಗು ಬೆಚ್ಚುತ್ತದೆ ಎಂದು ತಾಯಂದಿರು ಮತ್ತೆ ಮತ್ತೆ ತಿಳಿಸಿದ್ದಾರೆ. ಇನ್ನು ಮುಂದೆ ಈ ಕಿಟ್‌ನಲ್ಲಿ ಹತ್ತಿ ನೂಲನ್ನೇ ಕೊಡುತ್ತೇವೆ. ಹತ್ತಿಯ ಹೊದಿಕೆ ಭಾರವಾಗಿರುತ್ತದೆ, ಕಿಟ್‌ನ ಬೆಲೆಯೂ ಸ್ವಲ್ಪ ಹೆಚ್ಚುತ್ತದೆ. ಇವೆರಡನ್ನೂ ಮುಚ್ಚಿಡದೆ ಹೇಳಬೇಕು.

ಹಾಗಾದರೆ ಮರಳುಗಾಡಿಗೆ ಉಣ್ಣೆಯನ್ನಾದರೂ ಏಕೆ ಕಳಿಸುತ್ತೀರಿ ಎಂದು ಊರಿನ ಗ್ರಾಹಕರು ಕೇಳುವುದುಂಟು. ಮೋಡವಿಲ್ಲದ ಒಣ ಆಕಾಶದ ಕೆಳಗೆ ಮರಳು ಹಗಲಿನ ಕಾವನ್ನೆಲ್ಲ ರಾತ್ರಿ ಬಿಟ್ಟುಕೊಡುತ್ತದೆ. ನಮ್ಮ ಕರಾವಳಿಯಲ್ಲಿ ಚಳಿಗಾಲದ ಮುಂಜಾವವೂ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ರಿಯಾದ್‌ನ ಜನವರಿಯ ರಾತ್ರಿ 9 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಅಲ್ಲಿ ಉಣ್ಣೆಯ ಸ್ವೆಟರ್ ಅಲಂಕಾರಕ್ಕಲ್ಲ. ಬೇಸಗೆಯಲ್ಲಿಯೂ ಆಫೀಸು, ಆಸ್ಪತ್ರೆ, ಬಸ್ಸುಗಳ ಏಸಿಯ ಚಳಿಗೆ ಹೆಗಲ ಮೇಲೊಂದು ತೆಳ್ಳನೆಯ ಹತ್ತಿಯ ಶಾಲು ಬೇಕೇ ಬೇಕು. ನಮ್ಮಲ್ಲಿ ಅತಿ ಹೆಚ್ಚು ಮಾರಾಟವಾಗುವುದು ಅದೇ.

ಮಳೆಗಾಲಕ್ಕೆ ಸಂಬಂಧಿಸಿದ ಇನ್ನೊಂದು ಮಾತಿದೆ. ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಸಿದ್ಧ ಉಡುಪುಗಳನ್ನು ಕೊಲ್ಲಿ ದೇಶಗಳಿಗೆ ಕಳಿಸುವುದಿಲ್ಲ. ತೇವದ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ದಾರಿಯಲ್ಲಿಯೇ ಬೂಷ್ಟು ಹಿಡಿಯುತ್ತದೆ. ಓಣಂ, ಚೌತಿಗೆ ಉಡುಗೊರೆ ಕಳಿಸುವವರು ಮೇ ತಿಂಗಳೊಳಗೆ ತಿಳಿಸಬೇಕಾಗಿ ವಿನಂತಿ. ನೂಲಿನ ಲಡಿಗಳಿಗೆ ಈ ನಿರ್ಬಂಧವಿಲ್ಲ. ಅವನ್ನು ಬಲ್ಬಿನ ಕಾವಿರುವ ಕಪಾಟಿನಲ್ಲಿ ಒಣಗಿಸಿದ ನಂತರವೇ ಕಟ್ಟುತ್ತೇವೆ.

ಹಳೆಯ ‘100 ಗ್ರಾಂ’ ಚೀಟಿಯ ಲಡಿಗಳು ತಮ್ಮಲ್ಲಿದ್ದರೆ ಅವುಗಳ ಉದ್ದವೂ 200 ಮೀಟರ್ ಆಸುಪಾಸಿನಲ್ಲಿಯೇ ಇರುತ್ತದೆ. ಆದರೆ ಮಳೆಗಾಲದಲ್ಲಿ ತೂಗಿದ ಲಡಿಗಳಲ್ಲಿ ನೀರು ಹೆಚ್ಚಿದ್ದಷ್ಟು ನೂಲು ಕಡಿಮೆಯಿರುವ ಸಾಧ್ಯತೆಯಿದೆ. ಅಂಥ ಲಡಿಯಿಂದ ಯಾರಿಗಾದರೂ ಹೆಣಿಗೆಯ ಕೊನೆಯಲ್ಲಿ ನೂಲು ಸಾಲದೆ ಬಂದಿದ್ದರೆ ದಯವಿಟ್ಟು ತಿಳಿಸಿ. ಸಾಲದೆ ಬಂದಷ್ಟನ್ನು ಅದೇ ಬಣ್ಣದಲ್ಲಿ, ಬೆಲೆಯಿಲ್ಲದೆ, ಊರಿಗೆ ಬಂದು ಹೋಗುವವರ ಕೈಯಲ್ಲಿ ಕಳಿಸಿಕೊಡುತ್ತೇವೆ. ಉಣ್ಣೆಯ ಕಿಟ್ ಕೊಂಡವರೆಲ್ಲರಿಗೂ ಹೊಸ ಒಗೆತದ ಸೂಚನೆಯನ್ನು ಈ ಪತ್ರದ ಜೊತೆಯಲ್ಲಿಯೇ ಇಟ್ಟಿದ್ದೇವೆ. ಹಳೆಯದನ್ನು ಹರಿದು ಹಾಕಿ, ಹೊಸದನ್ನು ಬಟ್ಟೆ ಒಗೆಯುವ ಯಂತ್ರದ ಹತ್ತಿರ ಅಂಟಿಸಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ಅಬುಧಾಬಿಯ ಆ ಮಗುವಿಗೆ ಅಜ್ಜಿ ಮತ್ತೊಂದು ಸ್ವೆಟರ್ ಹೆಣೆಯುತ್ತಿದ್ದಾರೆ; ನೂಲು ನಮ್ಮದು, ಹಿಂಭಾಗ ಮುಗಿದು ಈಗ ಎಡತೋಳು ನಡೆಯುತ್ತಿದೆ.

ಇಂತು ತಮ್ಮ ವಿಶ್ವಾಸಿ,
ಅಧ್ಯಕ್ಷೆ, ಸಂಘದ ಎಲ್ಲ ಸದಸ್ಯೆಯರ ಪರವಾಗಿ