ಕೊಳೆತ ಮರದ ಮೇಲಿನ ಜೀವಿಗಳು: ಫೋಟೊ ನೋಡಿ ಹೆಸರಿಡಬೇಡಿ

ಮಾನ್ಯ ಸಂಪಾದಕರೇ,

ಹಸ್ತ, ಚಿತ್ತೆ ಮಳೆಗಳು ಹಿಡಿದುಕೊಂಡರೆ ಸಾಕು, ತಮ್ಮ ಪತ್ರಿಕೆಯ ಓದುಗರ ಚಿತ್ರಗಳ ಪುಟದಲ್ಲಿ ಬಿದ್ದ ಕೊಂಬೆ, ಕಡಿದ ಬೊಡ್ಡೆಗಳ ಮೇಲೆ ಮೂಡಿದ ಪುಟ್ಟ ಜೀವಿಗಳ ಫೋಟೊಗಳು ಕಾಣಿಸಿಕೊಳ್ಳುತ್ತವೆ. ಮೈಸೂರು, ಮಂಡ್ಯದ ಓದುಗರು ನೆಲದತ್ತ ಬಗ್ಗಿ ನೋಡುತ್ತಿರುವುದು ಸಂತೋಷದ ವಿಷಯವೇ. ಆದರೆ ಆ ಫೋಟೊಗಳ ಕೆಳಗೆ ‘ಅಪರೂಪದ ಅಣಬೆ’ ಎಂದು ಬರೆಯುವುದಕ್ಕೂ, ಮೊಬೈಲ್ ಆ್ಯಪ್ ಸೂಚಿಸಿದ ಲ್ಯಾಟಿನ್ ಹೆಸರನ್ನು ಹಾಗೆಯೇ ಅಚ್ಚು ಹಾಕುವುದಕ್ಕೂ ನನ್ನ ಆಕ್ಷೇಪವಿದೆ. ಅವುಗಳಲ್ಲಿ ಬಹುಪಾಲು ಅಪರೂಪದವಲ್ಲ. ಕೆಲವಂತೂ ಅಣಬೆಗಳೇ ಅಲ್ಲ. ಮತ್ತು ಇವುಗಳ ಪ್ರಭೇದವನ್ನು ಫೋಟೊ ಒಂದರಿಂದಲೇ ನಿರ್ಧರಿಸುವುದು ಹೆಚ್ಚಿನ ಸಂದರ್ಭಗಳಲ್ಲಿ ಸಾಧ್ಯವಿಲ್ಲ.

ಕೊಳೆತ ಮರದ ಮೇಲೆ ಕಾಣುವ ಈ ಜೀವಿಗಳಲ್ಲಿ ಎರಡು ಬೇರೆ ಬೇರೆ ಗುಂಪುಗಳಿವೆ ಎಂಬುದನ್ನು ಮೊದಲು ಹೇಳಬೇಕು. ನಿಜವಾದ ಶಿಲೀಂಧ್ರಗಳು ಮರದೊಳಗೆ ಎಳೆಗಳನ್ನು ಹಾಯಿಸಿ, ಮರದ ಅಂಶವನ್ನೇ ಕರಗಿಸಿ ಉಣ್ಣುತ್ತವೆ. ಲೋಳೆ ಶಿಲೀಂಧ್ರ ಎಂದು ನಾವು ಕರೆಯುವ ಸ್ಲೈಮ್ ಮೋಲ್ಡ್‌ಗಳಾದರೋ ಅಮೀಬಾದ ಸಂಬಂಧಿಗಳು. ಮರವನ್ನು ತಿನ್ನದೆ, ಅದರ ಮೇಲಿರುವ ಬ್ಯಾಕ್ಟೀರಿಯಾ ಮತ್ತಿತರ ಸೂಕ್ಷ್ಮಜೀವಿಗಳನ್ನು ನುಂಗುತ್ತ, ಲೋಳೆಯ ರೂಪದಲ್ಲಿ ನಿಧಾನವಾಗಿ ಹರಿದಾಡಿ, ತೇವ ಮತ್ತು ಆಹಾರ ಕಡಿಮೆಯಾಗುತ್ತಿದ್ದಂತೆ ಬೀಜಾಣುಗಳ ಪುಟ್ಟ ಚೀಲಗಳಾಗಿ ಮಾರ್ಪಡುತ್ತವೆ. ಜರ್ಮನಿಯ ಆಂಟನ್ ಡಿ ಬಾರಿ 1859ರಲ್ಲೇ ಇವನ್ನು ಶಿಲೀಂಧ್ರಗಳಿಂದ ಬೇರ್ಪಡಿಸಿ ಪ್ರಾಣಿಗಳ ಹತ್ತಿರಕ್ಕೆ ಒಯ್ದಿದ್ದರು. ಆದರೂ ನಮ್ಮ ಕಾಲೇಜುಗಳಲ್ಲಿ ಇವುಗಳ ಪಾಠ ನಡೆಯುತ್ತಿರುವುದು ಸಸ್ಯಶಾಸ್ತ್ರದ ತರಗತಿಯಲ್ಲೇ, ಹೆಸರಿಡುವುದೂ ಸಸ್ಯ ಮತ್ತು ಶಿಲೀಂಧ್ರಗಳ ನಾಮಕರಣ ನಿಯಮದಂತೆಯೇ. ಪ್ರಪಂಚದಾದ್ಯಂತ ಇಂಥ ಸುಮಾರು 1000 ಪ್ರಭೇದಗಳನ್ನು ವರ್ಣಿಸಲಾಗಿದೆ.

ಫೋಟೊ ಏಕೆ ಸಾಲದು ಎಂಬುದಕ್ಕೆ ಸ್ಟೆಮೊನೈಟಿಸ್ ಎಂಬ ಲೋಳೆ ಶಿಲೀಂಧ್ರದ ಕುಲ (ಹತ್ತಿರದ ಪ್ರಭೇದಗಳ ಗುಂಪು) ಒಳ್ಳೆಯ ನಿದರ್ಶನ. ಮಳೆ ನಿಂತ ಮಾರನೆಯ ದಿನ ಮಾವು ಅಥವಾ ಗುಲ್‌ಮೊಹರ್ ಮರದ ಲಡ್ಡು ಹಿಡಿದ ಕೊರಡಿನ ಮೇಲೆ, ಕಪ್ಪಗೆ ಹೊಳೆಯುವ ಕಾಲುಗಳ ಮೇಲೆ ಕಂದು ಬಣ್ಣದ ಎಳೆಗಳು ಒತ್ತೊತ್ತಾಗಿ ನಿಂತಿರುವುದನ್ನು ಹಲವರು ನೋಡಿರಬಹುದು. ಹಿಂದಿನ ರಾತ್ರಿ ಅದೇ ಜಾಗದಲ್ಲಿ ಬಿಳಿಯ ಲೋಳೆಯ ಮುದ್ದೆಯಷ್ಟೇ ಇರುತ್ತದೆ. ಇದು ಸ್ಟೆಮೊನೈಟಿಸ್ ಎಂದು ಕಣ್ಣಳತೆಯಲ್ಲಿ ಹೇಳಿಬಿಡಬಹುದು. ಯಾವ ಸ್ಟೆಮೊನೈಟಿಸ್ ಎಂದು ಕೇಳಿದರೆ ಮಾತ್ರ ಒಂದು ಎಳೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಕಾಲೇ ಮುಂದುವರಿದು ಒಳಗಿನ ನಡುಗಂಬವಾಗಿ, ಅದರಿಂದ ಕವಲೊಡೆದ ಎಳೆಗಳು ಹೊರಮೈಯಲ್ಲಿ ಒಂದು ಬಲೆಯನ್ನು ನೇಯ್ದಿರುತ್ತವೆ. ಆ ಬಲೆಯ ಕಣ್ಣುಗಳು ಅಗಲವಾಗಿ ಅಂಕುಡೊಂಕಾಗಿದ್ದರೆ ಸ್ಪ್ಲೆಂಡೆನ್ಸ್ ಇರಬಹುದು; ಕಣ್ಣುಗಳು ಕಿರಿದಾಗಿದ್ದು ಬೀಜಾಣುವಿನ ಮೈಮೇಲೆಯೂ ಜಾಲದಂಥ ಗೆರೆಗಳಿದ್ದರೆ ಫಸ್ಕಾ; ಬೀಜಾಣುಗಳು ಇನ್ನೂ ಚಿಕ್ಕವಾಗಿ, ತುಕ್ಕಿನ ಬಣ್ಣದ್ದಾಗಿ, ಹೆಚ್ಚುಕಡಿಮೆ ನುಣುಪಾಗಿದ್ದರೆ ಆಕ್ಸಿಫೆರಾ. ಈ ಬೀಜಾಣುಗಳ ಅಡ್ಡಳತೆ ಹತ್ತು ಮೈಕ್ರಾನ್‌ಗಿಂತಲೂ ಕಡಿಮೆ, ಅಂದರೆ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗವೂ ಇಲ್ಲ. ಎಷ್ಟೇ ದುಬಾರಿ ಮೊಬೈಲ್ ಆದರೂ ಅದರ ಮೈಮೇಲಿನ ಗೆರೆಯನ್ನು ತೋರಿಸಲಾರದು.

ಬೆಳವಣಿಗೆಯ ಹಂತದ ತೊಡಕು ಬೇರೆ ಇದೆ. ಲೈಕೊಗಾಲಾ ಎಂಬ ಲೋಳೆ ಶಿಲೀಂಧ್ರದ ಕಡಲೆಕಾಳಿನ ಗಾತ್ರದ ಉಂಡೆಗಳು ಎಳೆಯದರಲ್ಲಿ ಗುಲಾಬಿ ಬಣ್ಣದವು. ಉಗುರಿನಿಂದ ಒತ್ತಿದರೆ ಅದೇ ಬಣ್ಣದ ಲೇಹ್ಯ ಹೊರಬರುತ್ತದೆ. ಕೆಲವೇ ದಿನಗಳಲ್ಲಿ ಅದೇ ಉಂಡೆ ಬೂದುಗಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿ ಹಾರಿಸುತ್ತದೆ. ಎರಡು ಹಂತಗಳ ಫೋಟೊಗಳನ್ನು ಇಬ್ಬರು ಓದುಗರು ಕಳುಹಿಸಿದರೆ ಎರಡು ಬೇರೆ ಜೀವಿಗಳೆಂದೇ ಅಚ್ಚಾಗುವ ಸಂಭವ ಹೆಚ್ಚು. ಬಹುಕಾಲ ಒಂದೇ ಪ್ರಭೇದವೆಂದು ತಿಳಿದಿದ್ದ ಲೈಕೊಗಾಲಾ ಎಪಿಡೆಂಡ್ರಮ್ ವಾಸ್ತವವಾಗಿ ಹಲವು ಪ್ರಭೇದಗಳ ಗುಂಪು ಎಂದು ಡಿಎನ್‌ಎ ಪರೀಕ್ಷೆಗಳು ತೋರಿಸಿಕೊಟ್ಟಿರುವಾಗ, ಆ್ಯಪ್ ಹೇಳುವ ಹೆಸರಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ತಾವೇ ಯೋಚಿಸಬಹುದು. ಆರ್ಸಿರಿಯಾ ಎಂಬ ಇನ್ನೊಂದು ಲೋಳೆ ಶಿಲೀಂಧ್ರದ ಕಥೆಯೂ ಇಂಥದ್ದೇ: ದಸರಾ ವಸ್ತುಪ್ರದರ್ಶನದ ಬೊಂಬಾಯಿ ಮಿಠಾಯಿಯನ್ನು ಗುಂಡುಸೂಜಿಯ ಗಾತ್ರಕ್ಕೆ ಇಳಿಸಿದಂತಿರುವ ಕೆಂಪು ಅಥವಾ ನಸುಹಳದಿ ಎಳೆಗಳನ್ನು ಕಂಡರೆ ಕುಲ ಗೊತ್ತಾಗುತ್ತದೆ, ಪ್ರಭೇದ ಗೊತ್ತಾಗುವುದಿಲ್ಲ.

ಮಂಡ್ಯದ ಕಡೆಯ ರೈತರಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಸೇರಿಸುವುದು ಅಗತ್ಯ. ತರಗು ಹೊದಿಸಿದ ತೋಟಗಳಲ್ಲಿ, ಮರದ ಬುಡದ ಹಸಿ ಕಸದ ಮೇಲೆ, ಬೆಳಗಾಗುವುದರೊಳಗೆ ಅಂಗೈಯಗಲ ಹರಡಿಕೊಳ್ಳುವ ಹಳದಿ ನೊರೆಯಂಥದ್ದನ್ನು ಕಂಡು ರೋಗವೆಂದು ಹೆದರಿ ಔಷಧ ಸಿಂಪಡಿಸುವವರಿದ್ದಾರೆ. ಅದು ಸಾಮಾನ್ಯವಾಗಿ ಫುಲಿಗೊ ಸೆಪ್ಟಿಕಾ ಎಂಬ ಲೋಳೆ ಶಿಲೀಂಧ್ರ. ಬೆಳೆಯ ಬೇರನ್ನಾಗಲಿ ಎಲೆಯನ್ನಾಗಲಿ ಅದು ತಿನ್ನುವುದಿಲ್ಲ. ಒಂದೆರಡು ದಿನಗಳಲ್ಲಿ ಮೇಲೆ ಸುಣ್ಣದ ತೆಳುಹೊದಿಕೆ ಕಟ್ಟಿ, ಒಳಗೆ ಕಪ್ಪು ಪುಡಿಯಾಗಿ ಉದುರಿಹೋಗುತ್ತದೆ. ಔಷಧದ ಖರ್ಚು ಬೇಕಿಲ್ಲ. ಅಲರ್ಜಿ, ಉಬ್ಬಸ ಇರುವವರು ಆ ಪುಡಿಯನ್ನು ಮೂಗಿನ ಹತ್ತಿರ ಹಿಡಿಯದಿದ್ದರೆ ಸಾಕು.

ನಿಜವಾದ ಶಿಲೀಂಧ್ರಗಳಲ್ಲಿ ಕೆಲವನ್ನು ಬರಿಗಣ್ಣಿನಲ್ಲೇ ಗುರುತಿಸಬಹುದೆಂಬುದನ್ನು ಒಪ್ಪುತ್ತೇನೆ. ಒಣಕೊಂಬೆಗಳ ಮೇಲೆ ಸಾಲಾಗಿ ಕೂರುವ, ಬೂದುಬಿಳಿ ರೋಮಗಳ ಬೀಸಣಿಗೆಯಾಕಾರದ ಶೈಜೊಫಿಲಮ್ ಕಮ್ಯೂನ್ ಅನ್ನು ತಿರುಗಿಸಿ ನೋಡಿದರೆ ಅದರ ಪದರಗಳು ಉದ್ದಕ್ಕೆ ಸೀಳಿಕೊಂಡಿರುತ್ತವೆ. ಒಣಗಿದಾಗ ಸೀಳುಗಳು ಸುರುಳಿಯಾಗಿ ಮುಚ್ಚಿಕೊಂಡು ಮಳೆ ಬಿದ್ದಾಗ ಮತ್ತೆ ಬಿಚ್ಚಿಕೊಳ್ಳುತ್ತವೆ. ಕಪ್ಪು ಇದ್ದಲಿನ ಉಂಡೆಯಂತೆ ಕಾಣುವುದನ್ನು ಬ್ಲೇಡಿನಿಂದ ಸೀಳಿದಾಗ ಒಳಗೆ ಒಂದರ ಸುತ್ತ ಒಂದು ಬಳೆಗಳಿದ್ದರೆ ಅದು ಡಾಲ್ಡಿನಿಯಾ. ಆದರೆ ಬೆರಳಿನಂತೆ ಮೇಲೇಳುವ ಝೈಲೇರಿಯಾಗಳಿಗೆ ಬಂದರೆ ಮತ್ತೆ ಸೂಕ್ಷ್ಮದರ್ಶಕವೇ ಗತಿ. ಎಳೆಯದರಲ್ಲಿ ಬಿಳಿ ಪುಡಿ ಬಳಿದುಕೊಂಡಿದ್ದು ಬಲಿತ ಮೇಲೆ ಕಪ್ಪಾಗುವ ಇವುಗಳ ಪ್ರಭೇದಗಳನ್ನು ಚೀಲಗಳೊಳಗಿನ ಎಂಟೆಂಟು ಬೀಜಾಣುಗಳ ಅಳತೆ ಆಕಾರಗಳನ್ನು ನೋಡದೆ ಹೇಳಲಾಗದು. ಇನ್ನು, ಎಲೆ ಅಥವಾ ತೊಗಟೆಯ ಮೇಲೆ ಕೂದಲಿನಂಥ ಕಾಲುಗಳ ತುದಿಯಲ್ಲಿ ಬಿಳಿ ಮಣಿಗಳಿರುವ ಫೋಟೊ ಬಂದರೆ ಸ್ವಲ್ಪ ತಡೆಯಿರಿ. ಅದು ಎಷ್ಟೋ ಸಲ ಹಸಿರು ಜಾಲರಿ ರೆಕ್ಕೆಯ ಲೇಸ್‌ವಿಂಗ್ ಕೀಟದ ಮೊಟ್ಟೆ.

ಫೋಟೊ ಕಳುಹಿಸುವ ಓದುಗರು ಇನ್ನೂ ಸ್ವಲ್ಪ ಶ್ರಮ ತೆಗೆದುಕೊಂಡರೆ ಅವರ ಫೋಟೊಗಳು ನಿಜವಾದ ದಾಖಲೆಗಳಾಗುತ್ತವೆ. ಜೀವಿ ಕೂತಿರುವ ತೊಗಟೆಯ ಚೂರನ್ನು ಚಾಕುವಿನಿಂದ ಎಬ್ಬಿಸಿ, ಖಾಲಿ ಬೆಂಕಿಪೊಟ್ಟಣದ ಒಳತಟ್ಟೆಗೆ ಅಂಟಿನಿಂದ ಕೂರಿಸಿ, ಪೊಟ್ಟಣದ ಮೇಲೆ ದಿನಾಂಕ, ಜಾಗ ಮತ್ತು ಮರದ ಹೆಸರನ್ನು ಬರೆದಿಡಬೇಕು. ಲೋಳೆ ಶಿಲೀಂಧ್ರಗಳನ್ನು ಸಂಗ್ರಹಿಸುವವರು ಬಹುಕಾಲದಿಂದ ಅನುಸರಿಸಿಕೊಂಡು ಬಂದ ವಿಧಾನವಿದು. ಹಸಿಯಾಗಿರುವಾಗಲೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಮೇಲೆ ಬಿಳಿ ಬೂಷ್ಟು ಹಿಡಿದು ಎಲ್ಲವೂ ಹಾಳು. ನೆರಳಿನಲ್ಲಿ ಒಣಗಿಸಿಯೇ ಇಡಬೇಕು, ಹುಳ ಬಾರದಂತೆ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಬೇಕು. ಮಳೆಗಾಲ ಮುಗಿದ ಮೇಲೂ ಕೆಲಸ ನಿಲ್ಲಬೇಕಿಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನ ಅಥವಾ ಮನೆಯ ಮುಂದಿನ ಹೊಂಗೆಯ ಒಣತೊಗಟೆಯನ್ನು, ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಬ್ಲಾಟಿಂಗ್ ಕಾಗದದ ಮೇಲೆ ಇಟ್ಟು, ಒಂದು ದಿನ ನೆನೆದ ಮೇಲೆ ಉಳಿದ ನೀರನ್ನು ಬಸಿದು ಕಾದರೆ, ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಭೂತಗನ್ನಡಿಗೆ ಮಾತ್ರ ಕಾಣುವಷ್ಟು ಚಿಕ್ಕ ಲೋಳೆ ಶಿಲೀಂಧ್ರಗಳು ತೊಗಟೆಯ ಬಿರುಕುಗಳಲ್ಲಿ ಮೂಡುವ ಸಾಧ್ಯತೆ ಇದೆ. ಹೈಸ್ಕೂಲು ಮಕ್ಕಳಿಗೆ ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ತಿಳಿದಿಲ್ಲ.

ಸೂಕ್ಷ್ಮದರ್ಶಕ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಮೈಸೂರು, ಮಂಡ್ಯದ ಪದವಿ ಕಾಲೇಜುಗಳ ಸಸ್ಯಶಾಸ್ತ್ರ ಪ್ರಯೋಗಾಲಯಗಳಲ್ಲಿ ಮಾತ್ರ ಅವು ಸಾಲಾಗಿ ಕೂತಿರುತ್ತವೆ, ಪ್ರಾಯೋಗಿಕ ತರಗತಿ ಇಲ್ಲದ ದಿನಗಳಲ್ಲಿ ಬಟ್ಟೆ ಹೊದ್ದುಕೊಂಡು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ವಾರಕ್ಕೊಂದು ಶನಿವಾರ ಮಧ್ಯಾಹ್ನ, ಮಾದರಿ ತಂದ ಸಾರ್ವಜನಿಕರಿಗೆ ಅವನ್ನು ಅಧ್ಯಾಪಕರ ಉಸ್ತುವಾರಿಯಲ್ಲಿ ತೆರೆದಿಡುವ ಏರ್ಪಾಟನ್ನು ಪ್ರಾಂಶುಪಾಲರು ಮಾಡಬಹುದು. ಅದಕ್ಕೆ ಹೊಸ ಅನುದಾನವೇನೂ ಬೇಕಾಗುವುದಿಲ್ಲ. ಶನಿವಾರ ಮಧ್ಯಾಹ್ನ ಉಳಿಯಲು ಒಪ್ಪುವ ಅಧ್ಯಾಪಕರೊಬ್ಬರು ಬೇಕು, ಅದು ಅನುದಾನಕ್ಕಿಂತ ಕಷ್ಟ ಎಂಬುದನ್ನು ಬಲ್ಲೆ.

ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟೇ: ಪರೀಕ್ಷಿಸಿದವರಿಲ್ಲದ ಪಕ್ಷದಲ್ಲಿ ಚಿತ್ರದ ಕೆಳಗೆ ‘ಸ್ಟೆಮೊನೈಟಿಸ್ ಕುಲದ ಒಂದು ಲೋಳೆ ಶಿಲೀಂಧ್ರ’ ಎಂದು ಕುಲದ ಮಟ್ಟಕ್ಕೇ ನಿಲ್ಲಿಸಿ, ಕುಲವೂ ತಿಳಿಯದಿದ್ದರೆ ‘ಹೆಸರು ಗೊತ್ತಾಗಿಲ್ಲ’ ಎಂದೇ ಅಚ್ಚು ಹಾಕಿ, ಜೊತೆಗೆ ಫೋಟೊ ತೆಗೆದ ದಿನ, ಊರು, ಮರ ಮತ್ತು ಜೀವಿಯ ಅಂದಾಜು ಎತ್ತರವನ್ನು ಮಿಲಿಮೀಟರಿನಲ್ಲಿ ಕೊಡಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ,
ಸರಸ್ವತಿಪುರಂ, ಮೈಸೂರು