ಎತ್ತರಕ್ಕೆ ಹೋದರೆ ಮುಂದೆ ಓಡುವುದು ಯಾವ ಗಡಿಯಾರ?

ಮಾನ್ಯ ಸಂಪಾದಕರೇ,

ಕಳೆದ ರವಿವಾರದ ಪುರವಣಿಯಲ್ಲಿ ಬಾಹ್ಯಾಕಾಶದಲ್ಲಿ ಗುರುತ್ವ ಪರೀಕ್ಷಿಸುವ ಬಗೆಗಿನ ಲೇಖನ ಎರಡು ಸಲ ಓದಿದೆ. ಚೆನ್ನಾಗಿತ್ತು. ಆದರೆ ‘ಎತ್ತರಕ್ಕೆ ಹೋದಷ್ಟೂ ಗಡಿಯಾರ ವೇಗವಾಗಿ ಓಡುತ್ತದೆ’ ಎಂಬ ಸಾಲಿಗೆ ನನ್ನದೊಂದು ತಕರಾರಿದೆ. ಯಾವ ಗಡಿಯಾರ ಎಂದು ಬರೆದಿಲ್ಲ. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಮೂವತ್ತೊಂದು ವರ್ಷದಿಂದ ಗಡಿಯಾರ ರಿಪೇರಿ ಮಾಡುವ ನನ್ನ ಅನುಭವ ಉಲ್ಟಾ ಇದೆ.

ಹೋದ ವರ್ಷ ಗಿರಾಕಿಯೊಬ್ಬರು ಅಜ್ಜನ ಕಾಲದ, ಚಾವಿ ಕೊಡುವ ಪೆಂಡುಲಮ್ ಗಡಿಯಾರ ತಂದರು. ಬಿಚ್ಚಿ ತೊಳೆದು, ಎಣ್ಣೆ ಬಿಟ್ಟು, ಹದಿನೈದು ದಿನ ಅಂಗಡಿಯ ಗೋಡೆಗೆ ತೂಗುಹಾಕಿ ಹೊಂದಿಸಿ ಕೊಟ್ಟೆ. ಅವರು ಅದನ್ನು ಕಾರವಾರದಲ್ಲಿರುವ ಮಗನ ಮನೆಗೆ ಒಯ್ದರು. ತಿಂಗಳೊಳಗೆ ಫೋನು: “ಅಣ್ಣಾರ, ವಾರಕ್ಕ ಮುಕ್ಕಾಲು ನಿಮಿಷ ಮುಂದ ಓಡಾಕತ್ತೈತಿ. ಏನ್ ಮಾಡೀರಿ ಇದಕ್ಕ?” ಕರಾವಳಿಯ ಸೆಖೆಗೆ ಪೆಂಡುಲಮ್ ಕೋಲು ಹಿಗ್ಗಿದ್ದರೆ ಗಡಿಯಾರ ಹಿಂದೆ ಬೀಳಬೇಕಿತ್ತು. ಮೇಲಾಗಿ ಆ ಕೋಲು ಕಟ್ಟಿಗೆಯದು, ಸೆಖೆಗೆ ಅಷ್ಟಾಗಿ ಹಿಗ್ಗದು. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಕೆಳಗೆ ಇಳಿದಾಗ ಭೂಮಿಯ ಸೆಳೆತ ಕೂದಲೆಳೆಯಷ್ಟು ಹೆಚ್ಚಿತು, ಪೆಂಡುಲಮ್ ಚುರುಕಾಯಿತು. ಅಂದರೆ ನನ್ನ ಗಡಿಯಾರಗಳು ಎತ್ತರಕ್ಕೆ ಹೋದಷ್ಟೂ ನಿಧಾನ. ಉಪಗ್ರಹದೊಳಗೆ ಇಟ್ಟರಂತೂ ಪೆಂಡುಲಮ್ ಆಡುವುದೇ ಇಲ್ಲ, ಅಲ್ಲಿ ಎಲ್ಲವೂ ಒಟ್ಟಿಗೇ ಬೀಳುತ್ತಿರುತ್ತದೆ.

ಐನ್‌ಸ್ಟೈನ್ ಹೇಳಿದ್ದು ಗಡಿಯಾರದ ಯಂತ್ರದ ಮಾತಲ್ಲ, ಕಾಲದ್ದೇ ಮಾತು: ಎತ್ತರಕ್ಕೆ ಹೋದಷ್ಟೂ ಕಾಲವೇ ತುಸು ಬೇಗ ಓಡುತ್ತದೆ. ಅದನ್ನು ನೋಡಲು ಸೆಳೆತವನ್ನು ನೆಚ್ಚಿಕೊಳ್ಳದ ಪರಮಾಣು ಗಡಿಯಾರವೇ ಬೇಕು. 1976ರ ಜೂನ್‌ನಲ್ಲಿ ಅಮೆರಿಕದವರು ಹೈಡ್ರೋಜನ್ ಮೇಸರ್ ಎಂಬ ಬಗೆಯ ಪರಮಾಣು ಗಡಿಯಾರವೊಂದನ್ನು ರಾಕೆಟ್ಟಿನಲ್ಲಿ 10,000 ಕಿ.ಮೀ. ಎತ್ತರಕ್ಕೆ ಹಾರಿಸಿ, ಸುಮಾರು ಎರಡು ತಾಸು ಅಳೆದು ನೋಡಿದರು. ಐನ್‌ಸ್ಟೈನ್ ಲೆಕ್ಕ ಕೂಡಿತು. ನಮ್ಮ ಮೊಬೈಲಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಎತ್ತರದ ದೆಸೆಯಿಂದ ದಿನಕ್ಕೆ 45 ಮೈಕ್ರೋಸೆಕೆಂಡು (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೋಸೆಕೆಂಡು) ಮುಂದೆ, ವೇಗದ ದೆಸೆಯಿಂದ 7 ಹಿಂದೆ. ಉಳಿಯುವ 38ನ್ನು ಮೊದಲೇ ಸರಿಪಡಿಸಿರುತ್ತಾರೆ.

ನಿಮ್ಮ ಲೇಖನದಲ್ಲಿ ಬಿಟ್ಟುಹೋದ ಒಂದು ಸಂಗತಿ ನನಗೆ ಬಹಳ ಇಷ್ಟ, ಕೆಟ್ಟುಹೋದದ್ದನ್ನೇ ನೆಚ್ಚಿ ಬದುಕುವವನಲ್ಲವೇ ನಾನು! 2014ರ ಆಗಸ್ಟ್‌ನಲ್ಲಿ ಜಿಪಿಎಸ್‌ನಂತೆಯೇ ದಾರಿ ತೋರಿಸುವ ಯುರೋಪಿನ ಎರಡು ಗೆಲಿಲಿಯೊ ಉಪಗ್ರಹಗಳು ದಾರಿ ತಪ್ಪಿದವು. ರಾಕೆಟ್ಟಿನ ಮೇಲಿನ ಹಂತದಲ್ಲಿ ತಣ್ಣನೆಯ ಹೀಲಿಯಂ ಕೊಳವೆಗೆ ತಾಗಿಕೊಂಡಿದ್ದ ಇಂಧನದ ಕೊಳವೆ ಹೆಪ್ಪುಗಟ್ಟಿತ್ತು. ದುಂಡಗೆ ಸುತ್ತಬೇಕಾದವು ಮೊಟ್ಟೆಯಾಕಾರದ ಕಕ್ಷೆಗೆ ಬಿದ್ದು, ದಿನಕ್ಕೆ ಎರಡು ಸಲ 8,500 ಕಿ.ಮೀ.ಯಷ್ಟು ಏರಿ ಇಳಿಯತೊಡಗಿದವು. ಒಳಗೆ ಒಳ್ಳೆಯ ಮೇಸರ್ ಗಡಿಯಾರಗಳಿದ್ದವು. ಏರಿದಾಗ ಮುಂದೆ, ಇಳಿದಾಗ ಹಿಂದೆ, ಸಾವಿರ ದಿನ ಲೆಕ್ಕವಿಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶ 1976ರದ್ದಕ್ಕಿಂತ ಸುಮಾರು ಐದು ಪಟ್ಟು ನಿಖರ. ಐನ್‌ಸ್ಟೈನ್ ಲೆಕ್ಕ ಆಗಲೂ ತಪ್ಪಲಿಲ್ಲ.

ಮುಂದಿನ ಪುರವಣಿಯಲ್ಲಿ ‘ಪರಮಾಣು’ ಎಂಬ ಒಂದು ಶಬ್ದ ಸೇರಿಸಿ ತಿದ್ದುಪಡಿ ಹಾಕಿದರೆ ಉಪಕಾರ. ಲೇಖನವನ್ನು ಕತ್ತರಿಸಿ ಹಿಡಿದುಕೊಂಡು ಇಬ್ಬರು ಗಿರಾಕಿಗಳು ಈಗಾಗಲೇ ಅಂಗಡಿಗೆ ಬಂದು ಹೋಗಿದ್ದಾರೆ. ಕಾರವಾರದ ಗಡಿಯಾರದ್ದು ಬಗೆಹರಿಯಿತು: ಪೆಂಡುಲಮ್ ಕೆಳಗಿನ ನಟ್ಟನ್ನು ಒಂಚೂರು ಸಡಿಲಿಸಿ ಬಟ್ಟಲು (ಕೋಲಿನ ತುದಿಯ ತೂಕದ ಬಿಲ್ಲೆ) ಇಳಿಸಲು ಫೋನಿನಲ್ಲೇ ಹೇಳಿದೆ.

– ಒಬ್ಬ ಗಡಿಯಾರ ರಿಪೇರಿಯವ, ದುರ್ಗದಬೈಲ್, ಹುಬ್ಬಳ್ಳಿ