ಚಾಂಗಿಯಲ್ಲಿ ಒಂದು ರಾತ್ರಿ

ಮೆಲ್ಬರ್ನ್

ಅಪ್ಪ, ಅಮ್ಮನಿಗೆ ನಮಸ್ಕಾರ.

ಇಲ್ಲಿಗೆ ಬರೋ ದಾರಿಯಲ್ಲಿ ವಿಮಾನ ಬದಲಿಸೋಕೆ ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ರಾತ್ರಿಯಿಡೀ ಹೇಗೆ ಕಳೆಯೋದು ಅಂತ ಅಮ್ಮಂಗೆ ಯೋಚನೆ ಹತ್ತಿದೆಯಂತೆ. ಊರೊಳಗೆ ಹೋಗೋ ಆಸೆ ಬಿಟ್ಟರೆ ಅದೇನೂ ಕಷ್ಟವಲ್ಲ.

ಮೊದಲ ಎಚ್ಚರ ಬೆಂಗಳೂರಿನ ಚೆಕ್‌-ಇನ್ ಕೌಂಟರಿನಲ್ಲೇ ಬೇಕು. ಸೂಟ್‌ಕೇಸಿಗೆ ಸುತ್ತೋ ಪಟ್ಟಿ ನೋಡಿ, ದಪ್ಪಕ್ಷರದಲ್ಲಿ ಮೆಲ್ಬರ್ನಿನ ಗುರುತು ‘ಎಂಇಎಲ್’ (MEL) ಇರಬೇಕು. ಬರೀ ಸಿಂಗಪುರದ ‘ಎಸ್‌ಐಎನ್’ (SIN) ಇದ್ದರೆ ಪೆಟ್ಟಿಗೆ ಸಿಂಗಪುರದ ಬೆಲ್ಟಿಗೇ ಬರುತ್ತೆ, ತಗೊಳ್ಳೋಕೆ ಇಮಿಗ್ರೇಶನ್ ದಾಟಬೇಕಾಗುತ್ತೆ. ಸಿಂಗಪುರದಿಂದ ಮುಂದಿನ ವಿಮಾನದ ಬೋರ್ಡಿಂಗ್ ಪಾಸ್ ಕೂಡ ಅಲ್ಲೇ ಕೇಳಿ ಇಸ್ಕೊಳ್ಳಿ. ಮಾತ್ರೆ, ಶಾಲು, ಕಾಲುಚೀಲ ಕೈಚೀಲದಲ್ಲಿರಲಿ. ರಾತ್ರಿ ಅಲ್ಲಿನ ಏಸಿ ಮೈ ನಡುಗಿಸುತ್ತೆ.

ಇಳಿದ ಮೇಲೆ ಜನ ಹೋದ ಕಡೆ ಹೋಗಬೇಡಿ. ‘ಅರೈವಲ್’ ಬಿಟ್ಟು ‘ಟ್ರಾನ್ಸ್‌ಫರ್’ ಬೋರ್ಡ್ ಹಿಡಿಯಿರಿ. ಆಸ್ಟ್ರೇಲಿಯಾ ವೀಸಾ ಇರೋ ಭಾರತೀಯರು ಸಿಂಗಪುರದ ವೀಸಾ ಇಲ್ಲದೆ 96 ಗಂಟೆ ಊರೊಳಗೆ ಇರೋಕೆ (ವೀಸಾರಹಿತ ಟ್ರಾನ್ಸಿಟ್) ಕೇಳಬಹುದು ನಿಜ, ಆದರೆ ಊರೊಳಗೆ ಬಿಡೋದು ಅಧಿಕಾರಿಯ ಮರ್ಜಿ. ಬಿಟ್ಟರೂ ನಡುರಾತ್ರಿಗೆ ಎಂಆರ್‌ಟಿ ಅನ್ನೋ ಮೆಟ್ರೊ ರೈಲು ನಿಂತಿರುತ್ತೆ, ಟ್ಯಾಕ್ಸಿಗೆ 12ರಿಂದ ಬೆಳಿಗ್ಗೆ 6ರವರೆಗೆ ಮೀಟರಿನ ಮೇಲೆ ಅರ್ಧದಷ್ಟು ಹೆಚ್ಚು. ಅಪ್ಪ ಕೇಳ್ತಿದ್ದ ಆ 40 ಮೀಟರಿನ ಜಲಪಾತ ಜ್ಯುವೆಲ್ ಅನ್ನೋ ಕಟ್ಟಡದಲ್ಲಿದೆ, ಅದು ಇಮಿಗ್ರೇಶನ್ ಆಚೆ. ಹಗಲಾದರೆ ಟಿ2–ಟಿ3 (ಟರ್ಮಿನಲ್ 2 ಮತ್ತು 3) ನಡುವೆ ಓಡೋ ಸ್ಕೈಟ್ರೇನ್ ಅನ್ನೋ ಪುಟ್ಟ ರೈಲಿನ ಕಿಟಕಿಯಿಂದಲೇ ಕಾಣುತ್ತೆ, ಬಿಟ್ಟಿ.

ಮಲಗೋಕೆ ಟ್ರಾನ್ಸಿಟ್ ಹೋಟೆಲ್ ಇಮಿಗ್ರೇಶನ್ ಈಚೆ, ನಿಲ್ದಾಣದ ಒಳಗೇ ಇದೆ, ಗಂಟೆ ಲೆಕ್ಕದಲ್ಲಿ ಕೋಣೆ ಕೊಡ್ತಾರೆ. ಬುಕ್ ಮಾಡುವಾಗ ಹುಷಾರು: ವಿಮಾನ ನಿಲ್ದಾಣದ ಹೆಸರಿದ್ದ ಮಾತ್ರಕ್ಕೆ ಹೋಟೆಲ್ ಇಮಿಗ್ರೇಶನ್ ಈಚೆ ಇರುತ್ತೆ ಅಂತಲ್ಲ. ದುಡ್ಡು ಬೇಡ ಅಂದರೆ ಕಾಲು ಚಾಚೋ ಕುರ್ಚಿಗಳ ‘ಸ್ನೂಜ್ ಲೌಂಜ್’ ಇದೆ. ತಡವಾಗಿ ಹೋದರೆ ಸಿಗಲ್ಲ.

ಮಲಗೋ ಮುಂಚೆ ಗಡಿಯಾರ ಸಿಂಗಪುರದ ಟೈಮಿಗೆ ಎರಡೂವರೆ ಗಂಟೆ ಮುಂದೆ ತಿರುಗಿಸಿ. ವಿಮಾನ ತಪ್ಪಿಸಿಕೊಳ್ಳೋರಲ್ಲಿ ಹೆಚ್ಚಿನವರು ನಿದ್ದೆ ಹೋದವರಲ್ಲ, ಊರಿನ ಟೈಮ್ ನೋಡ್ಕೊಂಡು ಕೂತವರು ಅಂತ ನನ್ನ ಲೆಕ್ಕ. ಟಿ1, ಟಿ2, ಟಿ3ರಲ್ಲಿ ಸೆಕ್ಯುರಿಟಿ ತಪಾಸಣೆ ಗೇಟಿನ ಬಾಯಲ್ಲೇ. ಒಳಗೇ ಕೊಂಡ ನೀರಿನ ಬಾಟಲಿಯಾದರೂ ಅಲ್ಲಿ ಚೆಲ್ಲಿಸ್ತಾರೆ. ಖಾಲಿ ಬಾಟಲಿ ತನ್ನಿ, ಅಲ್ಲಲ್ಲಿ ಕುಡಿಯೋ ನೀರಿನ ನಲ್ಲಿ ಇವೆ. ಗೇಟಿಗೆ ಒಂದು ಗಂಟೆ ಮುಂಚೆ ಹೋಗಿ, ಕ್ಯೂ ಅಲ್ಲೇ ಬೆಳೆಯುತ್ತೆ.

ಸಿಂಗಪುರದಲ್ಲಿ ಚಾರ್ಜರಿಗೆ ಚೌಕ ಪಿನ್ನಿನ ಅಡಾಪ್ಟರ್ ಬೇಕು. ಇಲ್ಲಿ ಮೆಲ್ಬರ್ನಿನದು ಓರೆ ಪಿನ್, ಅದಕ್ಕೇ ಯೂನಿವರ್ಸಲ್ ಒಂದೇ ತಗೊಳ್ಳಿ.

ಇನ್ನೊಂದು. ಪಾಯಸಕ್ಕೆ ಅಂತ ಗಸಗಸೆ ಕಟ್ಟಬೇಡಿ. ಅದರಲ್ಲಿ ಮಾರ್ಫಿನ್ ಅಂಶ ಇರಬಹುದು ಅಂತ ಸಿಂಗಪುರದಲ್ಲಿ ನಿಷೇಧ. ಅಗಿಯೋ ತಂಬಾಕಿಗೂ ಅಷ್ಟೇ. ಅಪ್ಪನ ಎಲೆಅಡಿಕೆ ಚೀಲದ ಕಡ್ಡಿಪುಡಿ ಮನೆಯಲ್ಲೇ ಇರಲಿ.

ನಿಮ್ಮ ಮಗಳು